ಆರುನೂರಾ ಹನ್ನೆರಡು ಉತ್ತರಗಳ ಪ್ರಾಣೇಶ

ಸವಣೂರಿನ ಪ್ರಾಣೇಶ ಮೂವತ್ನಾಲ್ಕನೆಯ ವಯಸ್ಸಿಗೆ ನೆಟ್‌ವರ್ಕಿಂಗ್ ಪರೀಕ್ಷೆಗೆ ಕಟ್ಟುವ ಸಂಕಲ್ಪ ಮಾಡಿದ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ವಿದ್ಯೆಯ ಪರೀಕ್ಷೆ ಅದು. ಕಾಲೇಜಿನ ಲ್ಯಾಬಿನಲ್ಲಿ ಹುಡುಗರ ಹಾಜರಿ ಬರೆಯುತ್ತಿದ್ದ ಅವನಿಗೆ, ಆ ಪ್ರಮಾಣಪತ್ರ ಒಂದು ಕೈಗೆ ಬಂದರೆ ಪ್ರಿನ್ಸಿಪಾಲರೂ ಎದ್ದು ನಿಂತು ಮಾತಾಡಿಸುತ್ತಾರೆಂಬ ನಂಬಿಕೆ.

ಅವನ ಅಜ್ಜ ಸಾವಿರಾರು ಶ್ಲೋಕ ಬಾಯಿಪಾಠ ಮಾಡಿದವರು. ಮೊಮ್ಮಗನಿಗೆ ಆ ನೆನಪಿನ ಶಕ್ತಿ ಬಂದಿತ್ತು, ಅರ್ಥದ ಗೊಡವೆ ಬಂದಿರಲಿಲ್ಲ. ತರಿಸಿಕೊಂಡ ದಪ್ಪ ಪುಸ್ತಕವನ್ನು ಮಾನಿಟರಿನ ಕೆಳಗೆ ಎತ್ತರಕ್ಕಿಟ್ಟು, ಯಾರೋ ಮೊಬೈಲಿಗೆ ಕಳಿಸಿದ ಆರುನೂರಾ ಹನ್ನೆರಡು ಪ್ರಶ್ನೋತ್ತರಗಳನ್ನು ಹಿಡಿದ. ದಿನಾ ಸ್ನಾನ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಡುತ್ತ ಪಠಣ. ಆರು ತಿಂಗಳಲ್ಲಿ ಒಲೆಯ ಮುಂದಿದ್ದ ತಾಯಿ ಪದ್ಮಾಬಾಯಿಗೂ ಅದು ಕಂಠಪಾಠವಾಯಿತು. ಅವನು ತಡವರಿಸಿದರೆ ಒಳಗಿನಿಂದಲೇ ತಿದ್ದುವರು: “ಇನ್ನೂರಾ ಹದಿನಾಲ್ಕು ಬಿ ಅಲ್ಲೋ, ಸಿ. ನಿನ್ನೆನೂ ಇಲ್ಲೇ ಎಡವಿದಿ.”

ಅಂಥದೊಂದು ಮುಂಜಾನೆ ಮನೆಯ ಇಂಟರ್ನೆಟ್ ನಿಂತಿತು. ಪರಿಣತನಾಗಲು ಹೊರಟವನು ಮೋಡೆಮ್ ಡಬ್ಬಿಯನ್ನು ನಾಲ್ಕು ಸಲ ಆರಿಸಿ ಹಚ್ಚಿ, ಕೊನೆಗೆ ಕೇಬಲ್ ಅಂಗಡಿಗೆ ಫೋನ್ ಮಾಡಿದ. ಅಲ್ಲಿ ರಿಪೇರಿ ಕೆಲಸಕ್ಕಿದ್ದ ಹತ್ತಿಮತ್ತೂರಿನ ಭಾಗ್ಯಶ್ರೀ ಸ್ಕೂಟಿಯ ಮೇಲೆ ಬಂದಳು. ಹೆಗ್ಗಣ ಕಡಿದ ತಂತಿ ಕೂಡಿಸುತ್ತ ಅವನ ಪಠಣ ಕೇಳಿಸಿಕೊಂಡವಳು ಕೇಳಿದಳು: “ಸರ, ಅದು ಯಾಕ ಸಿ ಆಗತೈತ್ರಿ?”

“ಯಾಕ ಅನ್ನೂದು ಪರೀಕ್ಷಾಕ್ಕ ಬರೂದಿಲ್ಲವಾ,” ಎಂದ ಪ್ರಾಣೇಶ.

ಅವಳು ಮಾನಿಟರಿನ ಕೆಳಗಿನ ಪುಸ್ತಕ ಓದಲಿಕ್ಕೆ ಬೇಡಿದಳು. ಅವನು ದೊಡ್ಡ ಮನಸ್ಸಿನಿಂದ ಕೊಟ್ಟು, ಆ ಜಾಗದಲ್ಲಿ ಅಡಿಗೆಮನೆಯ ಮಣೆ ಇಟ್ಟ.

ಪರೀಕ್ಷೆಯ ದಿನ ಹುಬ್ಬಳ್ಳಿಗೆ ಹೊರಟಾಗ ಪದ್ಮಾಬಾಯಿ ಅಂಗೈಗೆ ಮೊಸರು ಹಾಕಿದರು. ಮೊದಲ ಪ್ರಶ್ನೆ ಕಂಡು ಪ್ರಾಣೇಶನಿಗೆ ಹಿಗ್ಗು, ಅದು ಅವನ ತೊಂಬತ್ತೊಂದನೆಯದು, ಉತ್ತರ ಡಿ. ಒತ್ತಿದ ಮೇಲೆ ಓದಿದ. ಡಿ ಇರಬೇಕಾದ ಉತ್ತರ ಮೇಲೆ ಏ ಆಗಿ ಕುಳಿತಿತ್ತು. ಪ್ರತಿ ಪ್ರಶ್ನೆಗೂ ಉತ್ತರಗಳನ್ನು ಹಿಂದುಮುಂದು ಮಾಡಿಟ್ಟಿದ್ದರು. ನಡುವೆ ಒಂದು ಕಡೆ ಮೂರು ರೂಟರುಗಳ ಚಿತ್ರ ಕೊಟ್ಟು, ಒಂದರ ಮಾತು ಇನ್ನೊಂದಕ್ಕೆ ಯಾಕೆ ಮುಟ್ಟುತ್ತಿಲ್ಲ, ಸರಿಪಡಿಸು ಎಂದಿತ್ತು. ಏ ಇಲ್ಲ, ಬಿ ಇಲ್ಲ. ಖಾಲಿ ಪರದೆಯ ಮೇಲೆ ಗೆರೆಯೊಂದು ಮಿಣುಕುತ್ತಿತ್ತು. ಅವನೂ ಅದಕ್ಕೆ ಸರಿಯಾಗಿ ಕಣ್ಣು ಮಿಟುಕಿಸುತ್ತ ಕುಳಿತ.

ಫಲಿತಾಂಶ ಅಲ್ಲೇ ಬಂತು, ನಾಪಾಸು. ಬಸ್ಸು ಶಿಗ್ಗಾವಿ ದಾಟುವವರೆಗೆ ಅವನಿಗೆ ಅಳು ಬರುವಂತಿತ್ತು, ದಾಟಿದ ಮೇಲೆ ಕಾರಣ ಹೊಳೆಯಿತು. ಸರ್ವರ್ ಕೆಟ್ಟಿತ್ತೆಂದು ಊರಿಗೆಲ್ಲ ಹೇಳಿದ. ಪದ್ಮಾಬಾಯಿ ಮಾತ್ರ ನಂಬಲಿಲ್ಲ. “ಇನ್ನೂರಾ ಹದಿನಾಲ್ಕು ಬಂದಿತ್ತೇನು?” ಎಂದು ಕೇಳಿ ಊಟಕ್ಕೆ ತಾಟು ಹಾಕಿದರು.

ಎಂಟು ತಿಂಗಳಿಗೆ ಭಾಗ್ಯಶ್ರೀ ಪುಸ್ತಕಕ್ಕೆ ಹೊಸ ರಟ್ಟು ಹಾಕಿಸಿ ತಂದು ಕೊಟ್ಟಳು, ಜೊತೆಗೆ ಪೇಢೆ. ಪಾಸಾಗಿದ್ದಳು. ಕಾಲೇಜಿನವರೇ ಕರೆದು ಲ್ಯಾಬಿನ ಜೋಡಣೆ ಅವಳಿಗೆ ವಹಿಸಿದರು. ಅವಳು ಒಳಗೆ ಬಂದಾಗ ಪ್ರಿನ್ಸಿಪಾಲರು ಎದ್ದು ನಿಂತದ್ದನ್ನು ಪ್ರಾಣೇಶ ಹಾಜರಿ ಪುಸ್ತಕದ ಮೇಲಿನಿಂದ ನೋಡಿದ.

ಮರುವಾರವೇ ಮನೆಯ ಮುಂದೆ ಅವನ ಬೋರ್ಡು ತೂಗಿತು: ನೆಟ್‌ವರ್ಕಿಂಗ್ ಪರೀಕ್ಷಾ ತರಗತಿ, ಅನುಭವಿ ಶಿಕ್ಷಕರು. ಹನ್ನೊಂದು ಮಂದಿ ಸೇರಿದರು. ಪ್ರಾಣೇಶ ಕಾಲೇಜಿನಿಂದ ಬರುವವರೆಗೆ ಪಾಠ ಒಪ್ಪಿಸಿಕೊಳ್ಳುವವರು ಪದ್ಮಾಬಾಯಿ. ಅನುಭವ ಯಾತರದ್ದೆಂದು ಹನ್ನೊಂದರಲ್ಲಿ ಒಬ್ಬರೂ ಕೇಳಿಲ್ಲ.