ಏಕಿಚಿ ತರುತ್ತಿದ್ದ ಬಣ್ಣ

ರಿಶಿರಿ ದ್ವೀಪದ ಗಂಡಸರ ಬುದ್ಧಿಗೆ ಏನು ಹೇಳೋಣ! ಮೈತುಂಬ ಮುಳ್ಳಿರುವ ಉನಿ ಎಂಬ ಕಡಲಜೀವಿ ಯಾವ ಬಂಡೆಯ ಮೇಲೆ ಸಿಗುತ್ತದೆಂದು ಕಟ್ಟಿಕೊಂಡ ಹೆಂಡತಿಗೂ ಬಾಯಿ ಬಿಡುವವರಲ್ಲ. ತ್ಸುರುಯೊಳ ಗಂಡ ಏಕಿಚಿ ಹೇಳದೆಯೇ ಹೋದ. ಒಂಬತ್ತು ವರ್ಷದ ಹಿಂದೆ ಅವನ ಪುಟ್ಟ ದೋಣಿಯೊಂದೇ ಉತ್ತರದ ಭೂಶಿರದ ಹತ್ತಿರ ತೇಲುತ್ತ ಸಿಕ್ಕಿತು. ಹೆಣ ಸಿಗಲಿಲ್ಲ. ಎಲ್ಲಿ ಮುಳುಗಿದನೆಂದೂ ಗೊತ್ತಾಗಲಿಲ್ಲ. ವರ್ಷ ವರ್ಷ ಅವಳು ಭೂಶಿರದವರೆಗೆ ನಡೆದು, ಅವನಿಗೆಂದು ನೀರಿಗೆ ಅಕ್ಕಿಯ ಮದ್ಯ ಸಾಕೆ ಸುರಿದು ಬರುತ್ತಿದ್ದಳು. ಯಾವ ನೀರಿಗೆ ಸುರಿಯುತ್ತಿದ್ದೇನೋ ಎಂಬ ಸಂಕಟ ಮಾತ್ರ ಹೋಗಲಿಲ್ಲ.

ಅವಳ ಕೆಲಸ ಊರಿನ ಶೆಡ್ಡಿನಲ್ಲಿ: ಉನಿಯ ಚಿಪ್ಪು ಸೀಳಿ, ಒಳಗಿನ ತತ್ತಿ ತೆಗೆದು, ಬಣ್ಣ ನೋಡಿ ತಟ್ಟೆಗೆ ಹಾಕುವುದು. ಮೇವು ಹೇಗೋ ಬಣ್ಣ ಹಾಗೆ. ಒಳ್ಳೆಯ ಕಡಲಪಾಚಿ ತಿಂದದ್ದು ಹೊಂಬಣ್ಣ, ಹೊಟ್ಟೆಗಿಲ್ಲದ್ದು ಕಂದು. ಏಕಿಚಿ ತರುತ್ತಿದ್ದದ್ದೇ ಬೇರೆ: ಕೆಂಡದ ಕೆಂಪು ಬೆರೆತ ಹಳದಿ, ಅಂಚಿಗೆ ತುಸು ಗುಲಾಬಿ. ಉನಿಗೂ ತುಟಿಬಣ್ಣ ಹಚ್ಚಿ ತರ್ತಾನೇನೇ ನಿನ್ನ ಗಂಡ ಎಂದು ಹೆಂಗಸರು ಕಾಡುತ್ತಿದ್ದರು. ಅವನು ಹೋದಮೇಲೆ ಆ ಬಣ್ಣವನ್ನು ಯಾರೂ ನೋಡಲಿಲ್ಲ.

ಈ ಜುಲೈಯಲ್ಲಿ ನೆರೆಮನೆಯ ಮೀನುಗಾರ ಮೊರಿಯ ತಂದ ಬುಟ್ಟಿಯಿಂದ ಮೂರನೆಯ ಚಿಪ್ಪು ಸೀಳಿದಳು. ಕೈ ಹಾಗೇ ನಿಂತಿತು. ಅದೇ ಕೆಂಪು, ಅದೇ ಗುಲಾಬಿ ಅಂಚು. ಬುಟ್ಟಿ ಪೂರ್ತಿ ಮುಗಿಸಿದಳು.

ಮಧ್ಯಾಹ್ನ ಸಾಕೆಯ ಬಾಟಲಿ ಹಿಡಿದು ದಡಕ್ಕೆ ಹೋದಳು. ಮೊರಿಯ ಅಲ್ಲಿ ತನ್ನ ದೋಣಿ ತೊಳೆಯುತ್ತಿದ್ದ. ಬಂಡೆ ಎಲ್ಲಿದೆಯೆಂದು ಕೇಳಿದ್ದಕ್ಕೇ ಅಣ್ಣತಮ್ಮಂದಿರು ಮಾತು ಬಿಟ್ಟ ಊರು ಅದು. ಅವಳು ಕೇಳಲಿಲ್ಲ.

"ಜಾಗ ಹೇಳಬೇಡ ಮೊರಿಯ. ನಾಳೆ ಹೋದಾಗ ಇದನ್ನ ಅಲ್ಲಿ ಸುರಿದುಬಿಡು. ನಮ್ಮನೆಯವರ ಬಂಡೆ ಅದು."

ಮೊರಿಯನಿಗೆ ಅರ್ಥವಾಯಿತು. ಬಾಟಲಿ ತೆಗೆದುಕೊಂಡ. ಆಮೇಲೆ ಅದನ್ನು ಅವಳ ಕೈಗೇ ವಾಪಸು ಕೊಟ್ಟ.

"ನೀವೇ ಬನ್ನಿ ಅತ್ತಿಗೆ, ಕರ್ಕೊಂಡು ಹೋಗ್ತೀನಿ. ದೂರ ಏನಿಲ್ಲ, ನಿಮ್ಮ ಹಿತ್ತಲಿನ ಎದುರಿಗೇ. ಬಂಡೆ ನೀರೊಳಗಿದೆ, ನಾವೆಲ್ಲ ದಿನಾ ಅದರ ಮೇಲೇ ಹಾದುಹೋಗ್ತೀವಿ. ದೋಣಿಯಿಂದ ನೋಡಿದ್ರೆ ನಿಮ್ಮನೆ ನೀಲಿ ಚಾವಣಿ ಬೆಟ್ಟದ ತುದಿಯ ನೇರಕ್ಕೆ ಸರಿಯಾಗಿ ಬಂದಾಗ ದೋಣಿ ನಿಲ್ಲಿಸಬೇಕು. ಅದೇ ಗುರುತು."

ಒಂಬತ್ತು ವರ್ಷದ ಹಿಂದೆ ಏಕಿಚಿ ಕಡಲಿಗೆ ಹೋದ ಬೆಳಿಗ್ಗೆ ಅವಳು ಹಿತ್ತಲಲ್ಲಿ ಕಡಲಿಗೆ ಬೆನ್ನು ಮಾಡಿ ಬಟ್ಟೆ ಒಣಹಾಕುತ್ತಿದ್ದಳು.