ಗ್ಯಾಸ್ ಎಂಬ ಮರ್ಯಾದಸ್ಥ ಕಾಯಿಲೆ

ಗಂಡಸರಿಗೆ ಬರುವ ಕಾಯಿಲೆಗಳಲ್ಲಿ ಗ್ಯಾಸಿನಷ್ಟು ಮರ್ಯಾದಸ್ಥ ಕಾಯಿಲೆ ನಮ್ಮ ಜನರಲ್ಲಿ ಇನ್ನೊಂದಿಲ್ಲ. ಎದೆ ಹಿಡಿದುಕೊಂಡರೆ ಗ್ಯಾಸು, ತಲೆ ಸುತ್ತಿದರೆ ಗ್ಯಾಸು, ನಿದ್ದೆ ಬಾರದಿದ್ದರೂ ಗ್ಯಾಸು. ಓಮಿನ ಕಾಳು ಕೊಟ್ಟು ಸುಮ್ಮನಾಗುತ್ತಾರೆ, ಮುಂದಕ್ಕೆ ಯಾರೂ ಕೇಳುವುದಿಲ್ಲ. ಹೀಗಾಗಿ, ರೈಲು ಹತ್ತಲು ಹೋದಾಗಲೆಲ್ಲ ಎದೆ ಡವಗುಟ್ಟಿ, ಅಂಗೈ ಒದ್ದೆಯಾಗಿ, ಉಸಿರು ಸಿಕ್ಕಿಕೊಳ್ಳತೊಡಗಿದಾಗ ನಾನೂ ಅದನ್ನು ಗ್ಯಾಸ್ ಎಂದೇ ಕರೆದೆ.

ಅಷ್ಟರಲ್ಲಿ ಮಗಳಿಗೆ ಹೆಣ್ಣುಮಗು ಹುಟ್ಟಿತು. ನಾಮಕರಣ ಮಗಳ ಮನೆಯ ಹತ್ತಿರದ ಫ್ಲಶಿಂಗ್ ದೇವಸ್ಥಾನದಲ್ಲಿ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವನು ನಾನು. ನಾವಿರುವ ಪಿಸ್ಕಾಟವೇಯಿಂದ ಅಲ್ಲಿಗೆ ಹೋಗಬೇಕೆಂದರೆ ನದಿ ದಾಟಬೇಕು. ರೈಲಾದರೆ ಸುರಂಗ, ಕಾರಾದರೆ ಸೇತುವೆ. ಹೋದ ಚಳಿಗಾಲದಿಂದ ನಾನು ಎರಡನ್ನೂ ದಾಟಿರಲಿಲ್ಲ. ಬಾಣಂತನಕ್ಕೆ ಹೆಂಡತಿ ಒಬ್ಬಳೇ ಹೋಗಿ ಬಂದಳು. ಮೊಮ್ಮಗಳನ್ನು ನಾನು ನೋಡಿದ್ದು ಫೋನಿನಲ್ಲಿ ಮಾತ್ರ.

ಆ ಚಳಿಗಾಲದ ಒಂದು ಬೆಳಗ್ಗೆ ಮ್ಯಾನ್‌ಹ್ಯಾಟನ್‌ನ ನಿಲ್ದಾಣವೊಂದರ ನೆಲದಡಿಯ ದಾರಿಯಲ್ಲಿ ಯಾರೋ ಬಾಂಬು ಸಿಡಿಸಿದ್ದ. ಕೆಲವರಿಗೆ ಗಾಯವಾಯಿತು. ನಾನು ಅದೇ ನಿಲ್ದಾಣದಲ್ಲಿದ್ದೆ. ಇಷ್ಟು ಸತ್ಯ, ಉಳಿದದ್ದು ಸಾಹಿತ್ಯ. ಕನ್ನಡದವರೆಲ್ಲ ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಸಂಕ್ರಾಂತಿಯ ಪಾಟ್‌ಲಕ್‌ನಲ್ಲಿ ನಾನು ಸ್ಫೋಟದಿಂದ ಎರಡು ಮಹಡಿ ಮೇಲಿದ್ದೆ. ಯುಗಾದಿಯ ಹೊತ್ತಿಗೆ ಒಂದು ಮಹಡಿ ಇಳಿದಿದ್ದೆ. ಬೇಸಿಗೆಯ ಪಿಕ್ನಿಕ್‌ನಲ್ಲಿ ಹೊಗೆ ನನ್ನ ಕೋಟಿನ ಮೇಲೆಯೇ ಕೂತಿತ್ತು.

“ಗ್ರೇಟ್ ಅಂಕಲ್ ನೀವು! ನಾನಾಗಿದ್ರೆ ಹಾರ್ಟೇ ನಿಂತೋಗ್ತಿತ್ತು,” ಎಂದು ಹುಡುಗರು ಹೇಳುತ್ತಿದ್ದರು. ನಾನು ಬಿಸಿಬೇಳೆಬಾತಿನ ತಟ್ಟೆ ಹಿಡಿದು, ರಾಜ್ಯ ಗೆದ್ದು ಬಂದವನ ವಿನಯದಿಂದ ತಲೆ ಬಾಗಿಸುತ್ತಿದ್ದೆ.

ಈ ಮೂರೂ ಆವೃತ್ತಿಗಳನ್ನು ಕೇಳಿದ್ದವರು ನಮ್ಮ ಫ್ಯಾಮಿಲಿ ಡಾಕ್ಟರು. ಧಾರವಾಡದ ಕಡೆಯವರು. ಸುತ್ತಲಿನ ಅರ್ಧ ಕನ್ನಡ ಮನೆಗಳಿಗೆ ಅವರೇ ಡಾಕ್ಟರಾದ್ದರಿಂದ ಯಾವ ಪಾಟ್‌ಲಕ್‌ನಲ್ಲೂ ಅವರಿಗೆ ನೆಮ್ಮದಿಯಾಗಿ ಊಟ ಸಿಕ್ಕಿದ್ದಿಲ್ಲ. ಒಂದು ತುತ್ತಿಗೆ ಒಬ್ಬರ ಶುಗರು, ಇನ್ನೊಂದು ತುತ್ತಿಗೆ ಇನ್ನೊಬ್ಬರ ಮಂಡಿ. ಅವರೆದುರು ವೀರನಾಗಿದ್ದವನು ಅವರೆದುರೇ ರೋಗಿಯಾಗಿ ಕೂರುವುದು ಹೇಗೆ? ಹೆಂಡತಿ ಬಿಡಲಿಲ್ಲ, ಎಳೆದುಕೊಂಡು ಹೋದಳು.

“ಇವ್ರಿಗೆ ಬರೀ ಗ್ಯಾಸು ಡಾಕ್ಟ್ರೇ,” ಎಂದಳು. ಗಂಡನ ಹೊಟ್ಟೆಯ ವಕ್ತಾರಿಕೆ ನಮ್ಮಲ್ಲಿ ಹೆಂಡತಿಯದು. “ಓಮಿನ ಕಷಾಯ ಕೊಡ್ತಾನೇ ಇದೀನಿ. ಏನಾದ್ರೂ ಸ್ಟ್ರಾಂಗಾಗಿ ಕೊಟ್ಬಿಡಿ, ನಾಮಕರಣಕ್ಕೆ ಹೋಗ್ಬೇಕು.”

ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಇಸಿಜಿ ತೆಗೆಸಿ ನೋಡಿದರು. ಎಲ್ಲ ಸರಿಯಾಗಿತ್ತು.

“ಯಾವಾಗ ಬರ್ತದ್ರಿ ಈ ಗ್ಯಾಸು?”

“ಸ್ಟೇಷನ್ ಹತ್ರ ಹೋದಾಗ.”

“ಮನ್ಯಾಗ ಹೋಳಿಗಿ ತಿಂದಾಗ?”

“ಇಲ್ಲ.”

“ಭಾರಿ ಶಾಣ್ಯಾ ಗ್ಯಾಸ್ ಬಿಡ್ರಿ. ರೈಲಿನ ಟೈಮ್ ಟೇಬಲ್ ನೋಡ್ಕೊಂಡ ಬರ್ತದ.”

ಆಮೇಲೆ ಹೆಂಡತಿಯ ಕಡೆ ತಿರುಗಿ, “ನಿಮ್ಮ ಬಿಪಿ ನೋಡಿ ಭಾಳ ದಿನಾತಲ್ರಿ. ನರ್ಸ್ ಹತ್ರ ಹೋಗಿ ಕೂಡ್ರಿ,” ಎಂದು ಅವಳನ್ನು ಹೊರಗೆ ಕಳಿಸಿ, ಸ್ಟೂಲು ಹತ್ತಿರಕ್ಕೆ ಎಳೆದುಕೊಂಡರು.

“ಈಗ ಹೇಳ್ರಿ. ಅವತ್ತ ಎಲ್ಲಿದ್ರಿ? ಪಿಕ್ನಿಕ್ ಕಥಿ ಬ್ಯಾಡ.”

“ಮೇಲೆ. ಕಾಫಿ ಲೈನಲ್ಲಿ. ನನಗೆ ಸದ್ದೂ ಕೇಳಿಸ್ಲಿಲ್ಲ. ಜನ ಓಡಿದ್ರು, ನಾನೂ ಓಡಿದೆ. ನನಗೇನೂ ಆಗ್ಲಿಲ್ಲ ಡಾಕ್ಟ್ರೇ.”

ಕಿವಿಯವರೆಗೆ ಬಿಸಿಯಾಯಿತು. ಏನೂ ಆಗದವನು ಕಾಯಿಲೆ ಬಿದ್ದರೆ, ಗಾಯಗೊಂಡವರ ಪಾಲನ್ನು ಕದ್ದಂತಲ್ಲವೆ? ನಾನು ಮಹಡಿ ಮಹಡಿ ಇಳಿದದ್ದು ಬರಿಯ ಜಂಬಕ್ಕಲ್ಲ ಎಂದು ಆ ಕುರ್ಚಿಯಲ್ಲಿ ಕೂತಾಗ ಹೊಳೆಯಿತು. ಇಷ್ಟೊಂದು ಹೆದರಲು ಅರ್ಹತೆ ಕೊಡುವ ಜಾಗವೊಂದನ್ನು ಹುಡುಕುತ್ತಾ ಇಳಿದಿದ್ದೆ.

“ಎಷ್ಟ ಹತ್ರ ಇದ್ರಿ ಅಂತ ಅಂಜಿಕಿ ಟಿಕೆಟ್ ಚೆಕ್ ಮಾಡೂದಿಲ್ರಿ,” ಎಂದರು ಡಾಕ್ಟರು. “ಆವಾಗಿಂದ ನನ್ನ ಹತ್ರ ಎಷ್ಟ ಮಂದಿ ಬಂದಾರ ಗೊತ್ತೇನು? ಒಬ್ರಿಗೂ ಅಂಜಿಕಿ ಇಲ್ಲ. ಎಲ್ಲಾರಿಗೂ ಬೆನ್ನನೋವು, ಗ್ಯಾಸು. ನಾನೂ ನಿಮ್ಮ ಕಥಿ ಕೇಳಿ ನಕ್ಕ ಸುಮ್ಮನಾದೆ. ಆವಾಗ್ಲೇ ಕೇಳಬೇಕಿತ್ತು.”

ಕೌನ್ಸೆಲರ್ ಒಬ್ಬರ ಹತ್ತಿರ ಹೋಗಿ ಎಂದರು. “ಹುಚ್ಚರ ಡಾಕ್ಟ್ರಾ?” ಎಂದೆ.

“ಕಣ್ಣಿನ ಡಾಕ್ಟರ ಹತ್ರ ಕಳಿಸಿದಾಗ ಕುರುಡರ ಡಾಕ್ಟರ್ ಏನು ಅಂತ ಕೇಳಿದ್ರೇನು?”

ನಡುನಡುವೆ ತಮ್ಮ ಹತ್ತಿರವೂ ಬರಬೇಕು, ಮೊದಲು ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನೆ ನಿಂತು ಬರಬೇಕು, ಆಮೇಲೆ ಒಂದು ಸ್ಟಾಪು, ಆಮೇಲೆ ಎರಡು, ಒಬ್ಬನೇ ಹೋಗಕೂಡದು ಎಂದೂ ಹೇಳಿದರು.

“ಅವಳಿಗೆ ಗ್ಯಾಸ್ ಅಂತಲೇ ಹೇಳ್ಬಿಡಿ ಡಾಕ್ಟ್ರೇ.”

“ಖರೇ ಏನದ, ನೀವ ಹೇಳ್ರಿ.”

ಪಾರ್ಕಿಂಗ್ ಲಾಟಿನಲ್ಲಿ, ಕಾರು ಸ್ಟಾರ್ಟ್ ಮಾಡುವ ಮೊದಲೇ ಹೆಂಡತಿಗೆ ಹೇಳಿದೆ.

“ಕಾಫಿ ಲೈನಾ? ಮತ್ತೆ ಕೋಟು? ಹೊಗೆ ಅಂತ ಡ್ರೈ ಕ್ಲೀನಿಂಗಿಗೆ ಕೊಟ್ಟು ಬಂದ್ನಲ್ರೀ ನಾನು!”

ನಾನು ಸ್ಟೀರಿಂಗ್ ನೋಡಿದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

“ನಿಮಗೆ ಮೊಮ್ಮಗಳು ಬೇಡ್ವೇನೋ ಅಂದ್ಕೊಂಡಿದ್ದೆ,” ಎಂದಳು. “ಮಗಳೂ ಹಾಗೇ ಅಂದ್ಕೊಂಡಿದಾಳೆ.”

ಕೋಟಿನ ನಾಚಿಕೆ ಅಲ್ಲಿಗೆ ಸಣ್ಣದಾಯಿತು.

ಪ್ಲಾಟ್‌ಫಾರ್ಮಿನಲ್ಲಿ ನಿಂತು ನಿಂತು ಬಂದೆವು. ಎರಡು ಸಲ ಅರ್ಧದಾರಿಗೆ ಇಳಿದು ವಾಪಸಾದೆವು. ಕೌನ್ಸೆಲರ್ ಹತ್ತಿರವೂ ಹೋದೆ. ಪರಿಚಯದವರು ಕಂಡಾರೆಂದು ಟೋಪಿ ಹಾಕಿಕೊಂಡು. ನಾಮಕರಣದ ದಿನ ರೈಲು ಸುರಂಗಕ್ಕೆ ಇಳಿದಾಗ ಅಂಗಿ ಬೆನ್ನಿಗೆ ಅಂಟಿತು. ಹೆಂಡತಿ ನನ್ನ ಕೈ ಹಿಡಿದು, “ಓಮು ಕೊಡ್ಲಾ?” ಎಂದಳು.

ಮಗುವಿನ ಕಿವಿಯಲ್ಲಿ ಹೆಸರು ಹೇಳಿದೆ. ಆಮೇಲೆ ದೇವಸ್ಥಾನದ ಕ್ಯಾಂಟೀನಿನಲ್ಲಿ, ದೋಸೆಯ ಮುಂದೆ, ಅಳಿಯನ ತಮ್ಮ ಕೇಳಿದ: “ಅಂಕಲ್, ಆ ಬಾಂಬ್ ಸ್ಟೋರಿ ಹೇಳಿ.”

“ನಾನು ಮೇಲೆ ಕಾಫಿ ಲೈನಲ್ಲಿದ್ದೆ. ಹೆದರಿ ಓಡಿದೆ. ಇಷ್ಟು ದಿನ ಇಲ್ಲಿಗೆ ಬರ್ದೇ ಇದ್ದದ್ದೂ ಅದೇ ಹೆದರಿಕೆಗೆ.”

“ಅಷ್ಟೇನಾ?” ಎಂದು ಅವನು ಚಟ್ನಿಗೆ ಕೈ ಚಾಚಿದ.

ಎದುರಿಗಿದ್ದ ಮಗಳು ತಲೆ ಎತ್ತಿದಳು. “ಅಪ್ಪಾ, ವೈ ಡಿಡಂಟ್ ಯು ಜಸ್ಟ್ ಟೆಲ್ ಮಿ?”

ಮಗುವನ್ನು ಕೊಡು ಎಂದು ಕೈ ಚಾಚಿದೆ. ಅಂಗೈ ಇನ್ನೂ ಒದ್ದೆಯಾಗಿತ್ತು, ಅಂಗಿಗೆ ಒರೆಸಿಕೊಂಡು ಮತ್ತೆ ಚಾಚಿದೆ. ಅವಳು ಅದನ್ನು ನೋಡಿದಳು, ನೋಡಿಯೂ ಕೊಟ್ಟಳು.