ಕುಬ್ರಾ ಬೇಗಂ ಮಾತ್ರ ಓದಬಲ್ಲ ಕಾಗದಗಳು

ರಾಯಚೂರಿನ ಹಳೆಯ ಶಾಲೆಯೊಂದರ ಹಿಂಬದಿಯಲ್ಲಿ ಹಳೆಯ ಕಾಗದಪತ್ರಗಳ ದಫ್ತರದ ಕೋಣೆಯೊಂದಿದೆ. ಅದಕ್ಕಿರುವುದು ಒಂದೇ ಕಿಟಕಿ, ಅದೂ ಪೂರ್ವಕ್ಕೆ. ಬೆಳಗಿನ ಆರೂವರೆಗೆ ಬಿಸಿಲು ಸರಳುಗಳ ನಡುವೆ ನುಸುಳಿ ಮೇಜಿನ ಮೇಲೆ ಬೀಳುತ್ತದೆ, ಒಂಬತ್ತರ ಹೊತ್ತಿಗೆ ನೆಲಕ್ಕಿಳಿದು ಹೋಗಿಬಿಡುತ್ತದೆ. ಆ ಎರಡೂವರೆ ತಾಸಿನಲ್ಲೇ ಕುಬ್ರಾ ಬೇಗಂ ತಮ್ಮ ಕೆಲಸ ಮುಗಿಸಿಕೊಳ್ಳಬೇಕು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಲ್ಬಿನ ಬೆಳಕಿನಲ್ಲಿ ಅಕ್ಷರಗಳು ಇರುವೆ ಹರಿದ ಹಾಗೆ ಕಾಣುತ್ತವೆ.

ಇದು ೧೯೮೪ರ ಮಾರ್ಚ್ ತಿಂಗಳ ಒಂದು ಗುರುವಾರ. ಐವತ್ತೆಂಟರ ಕುಬ್ರಾ ಬೇಗಂ ಬಿಳಿ ದುಪಟ್ಟಾದ ತುದಿಯಿಂದ ಕನ್ನಡಕ ಒರೆಸಿ, ಕಂದು ಬಣ್ಣದ ಉರ್ದು ಕಾಗದಗಳ ಕಟ್ಟೊಂದನ್ನು ಬಿಸಿಲಿಗೆ ಹಿಡಿದು ಜೋರಾಗಿ ಓದುತ್ತಿದ್ದಾರೆ. ಓದಿದ್ದನ್ನು ಅಲ್ಲೇ ಕನ್ನಡಕ್ಕೆ ತಿರುಗಿಸುತ್ತಾರೆ. ಬಾಗಿಲಲ್ಲಿ ಕೀಲಿಗೊಂಚಲು ಹಿಡಿದು ಕೂತ ಜವಾನ ಯಂಕೋಬ ಕೇಳಿಸಿಕೊಳ್ಳುತ್ತಿದ್ದಾನೆ, ಅಥವಾ ತೂಕಡಿಸುತ್ತಿದ್ದಾನೆ.

"ದೇವದುರ್ಗ ಹೆಣ್ಣುಮಕ್ಕಳ ಶಾಲಿ. ಸನ್ ೧೩೪೬, ದೈ ತಿಂಗಳು. ದಾಖಲಾತಿ ಮೂವತ್ತೊಂದು. ಹಾಜರಿ ಒಂಬತ್ತು. ಉಳಿದ ಹುಡುಗಿಯರು ಹತ್ತಿ ಬಿಡಿಸಾಕ ಹೋಗ್ಯಾರ."

ಅಲ್ಲಿಗೆ ದನಿ ನಿಲ್ಲುತ್ತದೆ.

"ಯಾಕ್ರಿ ಉಸ್ತಾನಿ, ನಿಜಾಮ್ರ ಇನ್‌ಸ್ಪೆಕ್ಟರು ಬೈದ್ರೇನು?" ಯಂಕೋಬ ಕಣ್ಣು ತೆರೆಯದೆ ಚುಡಾಯಿಸುತ್ತಾನೆ. ಶಿಕ್ಷಕಿಯನ್ನು ಉರ್ದುವಿನಲ್ಲಿ ಉಸ್ತಾನಿ ಎನ್ನುತ್ತಾರೆ.

ಅವರು ನಗುವುದಿಲ್ಲ. "ದೈ" ಎಂದು ಇನ್ನೊಮ್ಮೆ ಹೇಳಿಕೊಳ್ಳುತ್ತಾರೆ. ಬೆರಳು ಸಾಲಿನ ಮೇಲೇ ಇದೆ. "ಯಂಕೋಬಾ, ಇವತ್ತ ಗುರುವಾರ ಹೌದಿಲ್ಲೋ?"

"ಬೆಳಗಿನಿಂದ ಹಂಗೇ ಅದ್ರಿ."

"ಮಾನ್ವಿ ಬಸ್ ಎಷ್ಟಕ್ಕದ?"

ಯಂಕೋಬ ಈಗ ಕಣ್ಣು ತೆರೆಯುತ್ತಾನೆ. ಹನ್ನೊಂದು ವರ್ಷದಲ್ಲಿ ಬಿಸಿಲು ಮೇಜಿನ ಮೇಲಿರುವಾಗ ಉಸ್ತಾನಿ ಕುರ್ಚಿ ಬಿಟ್ಟು ಎದ್ದದ್ದನ್ನು ಅವನು ನೋಡಿಲ್ಲ.

ಕುಬ್ರಾ ಬೇಗಂ ಮಾಡುವ ಕೆಲಸಕ್ಕೆ ಹೆಸರಿಲ್ಲ. ಶಿಕ್ಷಣ ವಿಷಯದಲ್ಲಿ ಪಿಎಚ್.ಡಿ. ಮಾಡುವವರೆಲ್ಲ ಮಹಾಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಒಂದು ಗಂಡಾಂತರ ದಾಟಬೇಕು. ತಾವು ಹಿಡಿದ ವಿಷಯದ ಬಗ್ಗೆ ಈ ಹಿಂದೆ ಯಾರು ಏನು ಬರೆದಿದ್ದಾರೆ, ಯಾವ ವರ್ಷ ಬರೆದಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ ಎಂಬುದನ್ನೆಲ್ಲ ಹುಡುಕಿ, ಓದಿ, ತೂಗಿ ಬರೆಯಬೇಕು. ಬೇರೆ ಕಡೆಯವರಿಗೆ ಇದು ಗ್ರಂಥಾಲಯದ ಕೆಲಸ. ರಾಯಚೂರಿನವರಿಗೆ ಹಾಗಲ್ಲ. ಇಲ್ಲಿನ ಶಾಲೆಗಳ ಹಳೆಯ ತಪಾಸಣೆ ವರದಿಗಳು ನಿಜಾಮರ ಕಾಲದವು, ಉರ್ದುವಿನವು. ಅದರಲ್ಲೂ ಅಚ್ಚಿನ ಉರ್ದುವಲ್ಲ. ಗುಮಾಸ್ತರು ಚುಕ್ಕೆಗಳನ್ನು ನುಂಗಿ, ಅಕ್ಷರಕ್ಕೆ ಅಕ್ಷರ ಸಿಕ್ಕಿಸಿ ಓಡಿಸಿದ ಕೈಬರಹ. ಉರ್ದು ಬಲ್ಲ ಎಳೆಯರೂ ಅದನ್ನು ಕಂಡು ಕೈಮುಗಿಯುತ್ತಾರೆ. ಓದುವವರು ಇಬ್ಬರಿದ್ದರು. ಒಬ್ಬರು ಮುನ್ಶಿ ಸಾಹೇಬರು, ೧೯೭೯ರಲ್ಲಿ ತೀರಿಕೊಂಡರು. ಇನ್ನೊಬ್ಬರು ಕುಬ್ರಾ ಬೇಗಂ.

ದಿನಕ್ಕೆ ಹನ್ನೆರಡು ಪುಟ. ಮೊದಲು ಹದಿನೆಂಟು ಆಗುತ್ತಿತ್ತು. ಪ್ರತಿ ವರದಿಗೊಂದು ಪೋಸ್ಟ್ ಕಾರ್ಡಿನಗಲದ ರಟ್ಟು. ಬಲಮೂಲೆಯಲ್ಲಿ ವರ್ಷ, ಕೆಳಗೆ ಊರು, ಆಮೇಲೆ ದುಂಡನೆಯ ದೊಡ್ಡ ಕನ್ನಡ ಅಕ್ಷರಗಳಲ್ಲಿ ಸಾರಾಂಶ. ಆ ಕನ್ನಡವೂ ಪುಕ್ಕಟೆ ಬಂದದ್ದಲ್ಲ. ಐವತ್ತಾರರಲ್ಲಿ ರಾಜ್ಯ ಬದಲಾದಾಗ, ಕನ್ನಡ ಪರೀಕ್ಷೆ ಪಾಸಾಗದಿದ್ದರೆ ಶಿಕ್ಷಕಿಯ ಕೆಲಸ ಹೋದೀತೆಂಬ ಭಯದಲ್ಲಿ, ಮೂವತ್ತನೆಯ ವಯಸ್ಸಿಗೆ ಒಂದನೆಯ ಇಯತ್ತೆಯ ಮಕ್ಕಳ ಪಾಟಿಯಲ್ಲಿ ತಿದ್ದಿ ಕಲಿತರು. ಎರಡು ಸಲ ನಪಾಸಾದರು. ಆ ಭಯ ಪೂರಾ ಹೋಗಿಲ್ಲ. ಈಗಲೂ ಒತ್ತಕ್ಷರ ಬರೆಯುವ ಮುಂಚೆ ಗಾಳಿಯಲ್ಲಿ ಒಮ್ಮೆ ಬರೆದು ನೋಡುತ್ತಾರೆ.

ಹತ್ತಿ ಗಿರಣಿಯಲ್ಲಿದ್ದ ಗಂಡ ಹೋಗಿ ಇಪ್ಪತ್ತು ವರ್ಷವಾಯಿತು. ಮೂರು ವರ್ಷದ ಹಿಂದೆ ನಿವೃತ್ತರಾದರು. ಇದುವರೆಗೆ ಅವರ ರಟ್ಟುಗಳನ್ನು ಹೊತ್ತುಕೊಂಡು ಹದಿನೇಳು ಮಹಾಪ್ರಬಂಧಗಳು ಹೊರಹೋಗಿವೆ. ಒಂದರಲ್ಲೂ ಅವರ ಹೆಸರಿಲ್ಲ. ಒಬ್ಬರು ಚಹಾಪುಡಿ ತಂದುಕೊಟ್ಟರು, ಇನ್ನೊಬ್ಬರು ಡಾಕ್ಟರಾದ ಮೇಲೆ ಬಜಾರಿನಲ್ಲಿ ಕಂಡರೂ ಗುರುತು ಹಿಡಿಯಲಿಲ್ಲ. ಇದನ್ನು ಹೇಳುವಾಗ ಅವರಿಗೆ ಬೇಜಾರಿಲ್ಲ. ಅವರ ಚಿಂತೆಯೇ ಬೇರೆ.

ಬಸ್ಸು ಎಂಟಕ್ಕೆ ಹೊರಡುತ್ತದೆ. ಕಿಟಕಿ ಪಕ್ಕ ಕೂತ ಕುಬ್ರಾ ಬೇಗಂ ಮಡಿಲಿನ ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡಿದ್ದಾರೆ. ಒಳಗೆ ಆ ಕಟ್ಟಿದೆ. "ಯಾರರ ಕೇಳಿದ್ರ ನಾ ನೋಡಿಲ್ಲ, ಸಂಜಿಗೆ ವಾಪಸ್ ಬರ್ಬೇಕು" ಎಂದು ಹೇಳಿ ಯಂಕೋಬ ಕೊಟ್ಟು ಕಳಿಸಿದ್ದಾನೆ.

ತಪ್ಪು ಆದದ್ದು ಹೀಗೆ. ಆ ಕಟ್ಟಿನ ಮೊದಲ ಇಪ್ಪತ್ತು ಪುಟ ಒಂದು ಖಾಸಗಿ ಮದರಸಾದವು. ಮದರಸಾದವರು ವರ್ಷವನ್ನು ಹಿಜರಿ ಲೆಕ್ಕದಲ್ಲಿ ಬರೆದಿದ್ದಾರೆ. ಅದೇ ದಾರದಲ್ಲಿ ಯಾರೋ ಸರ್ಕಾರಿ ಶಾಲೆಯ ಪುಟಗಳನ್ನೂ ಸೇರಿಸಿ ಹೊಲಿದಿದ್ದಾರೆ. ಸರ್ಕಾರದ್ದು ಕಂದಾಯದವರ ಫಸಲಿ ಲೆಕ್ಕ. ಎರಡರಲ್ಲೂ ೧೩೪೬ ಎಂದರೆ ೧೩೪೬ ಎಂದೇ ಬರೆಯುತ್ತಾರೆ. ಆದರೆ ಹಿಜರಿಯ ೧೩೪೬ ನಮ್ಮ ೧೯೨೭, ಫಸಲಿಯ ೧೩೪೬ ನಮ್ಮ ೧೯೩೬. ನಡುವೆ ಒಂಬತ್ತು ವರ್ಷ. ಯಾವ ಲೆಕ್ಕವೆಂದು ತಿಳಿಯಲು ತಿಂಗಳ ಹೆಸರು ನೋಡಬೇಕು. ದೈ ಎಂಬ ತಿಂಗಳು ಹಿಜರಿಯಲ್ಲಿ ಇಲ್ಲವೇ ಇಲ್ಲ, ಅದು ಫಸಲಿಯದು. ಒಂದನೆಯ ತರಗತಿಯ ಮಗುವಿಗೆ ಹೇಳಿಕೊಡುವಂಥ ಈ ಮಾತನ್ನು ಕಣ್ಣು ನೀರಾಡುತ್ತಿದ್ದ ವಾರದಲ್ಲಿ ಕುಬ್ರಾ ಬೇಗಂ ನೋಡದೆ ದಾಟಿದ್ದಾರೆ. ರಟ್ಟಿನ ಮೂಲೆಯಲ್ಲಿ ೧೯೨೭ ಎಂದು ಬರೆದಿದ್ದಾರೆ.

ಕಟ್ಟು ವಾಪಸ್ ಕಪಾಟಿಗೆ ಹೋಗುವ ಮುಂಚೆ ಒಂದು ಸಲ ಜೋರಾಗಿ ಓದುವುದು ಅವರು ಹಾಕಿಕೊಂಡ ರೂಢಿ. ಕಣ್ಣಿಗೆ ತಪ್ಪಿದ್ದು ಕಿವಿಗೆ ಸಿಗುತ್ತದೆ. ಈ ಸಲ ಆ ಓದೇ ತಡವಾಯಿತು. ರಟ್ಟುಗಳು ಆಗಲೇ ಮಾನ್ವಿಗೆ, ಅಮರಮ್ಮನ ಕೈಗೆ ಹೋಗಿದ್ದವು.

ಅಮರಮ್ಮ ಮಲ್ಲಟದ ಕುರಿಗಾರರ ಮಗಳು. ಮಾನ್ವಿಯಲ್ಲಿ ಹೈಸ್ಕೂಲು ಶಿಕ್ಷಕಿ. ಮಾನ್ವಿ, ದೇವದುರ್ಗ ತಾಲೂಕುಗಳಲ್ಲಿ ಹೆಣ್ಣುಮಕ್ಕಳು ಶಾಲೆ ಬಿಡುವುದೇಕೆ ಎಂಬುದು ಆಕೆಯ ವಿಷಯ. ಮಾರ್ಗದರ್ಶಕರು ಎರಡನೆಯ ಅಧ್ಯಾಯವನ್ನು ಒಮ್ಮೆ ವಾಪಸ್ ಕಳಿಸಿದ್ದರು. ಇದರಲ್ಲಿ ಹೊಸದೇನಿದೆ, ಎಲ್ಲವೂ ೧೯೩೫ರ ಅಚ್ಚಾದ ವರದಿಯಲ್ಲೇ ಇದೆಯಲ್ಲ ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದರು. ಆಗ ಸಿಕ್ಕಿದ್ದು ದೇವದುರ್ಗದ ಈ ರಟ್ಟು. ಹತ್ತಿ ಬಿಡಿಸುವ ಕಾಲಕ್ಕೆ ಹುಡುಗಿಯರು ಶಾಲೆಗೆ ಬರುವುದಿಲ್ಲವೆಂದು ಅಚ್ಚಿನ ವರದಿಗಿಂತ ಎಂಟು ವರ್ಷ ಮೊದಲೇ ಒಬ್ಬ ಇನ್‌ಸ್ಪೆಕ್ಟರು ಬರೆದಿಟ್ಟಿದ್ದಾರೆ! ಅಧ್ಯಾಯದ ಕೊನೆಯ ಒಂದೂವರೆ ಪುಟ ಅದರ ಮೇಲೇ ನಿಂತಿದೆ. ತಿಂಗಳ ಕೊನೆಯೊಳಗೆ ಅಧ್ಯಾಯ ಒಪ್ಪಿಗೆಯಾಗದಿದ್ದರೆ ಅಮರಮ್ಮನ ನೋಂದಣಿಯೇ ರದ್ದು. "ಗುರುವಾರ ಬೆಳಿಗ್ಗಿ ರಿಜಿಸ್ಟರ್ ಮಾಡಿಬಿಡ್ತೀನ್ರಿ ಆಪಾ" ಎಂದು ಆಕೆ ಹೇಳಿಹೋಗಿದ್ದಳು. ಕುಬ್ರಾ ಬೇಗಂ ಆಕೆಗೆ ಆಪಾ, ಎಂದರೆ ಅಕ್ಕ.

ಬಸ್ಸು ಪ್ರತಿ ಊರಲ್ಲೂ ನಿಲ್ಲುತ್ತದೆ. ಕುಬ್ರಾ ಬೇಗಂ ನಿಮಿಷಕ್ಕೊಮ್ಮೆ ಪಕ್ಕದವರನ್ನು ಗಂಟೆ ಎಷ್ಟೆಂದು ಕೇಳುತ್ತಾರೆ. ನಾಲ್ಕನೆಯ ಸಲಕ್ಕೆ ಅವರು ಗಡಿಯಾರದ ಕೈಯನ್ನೇ ಇವರ ಕಡೆ ಚಾಚಿಟ್ಟುಕೊಂಡು ಕೂರುತ್ತಾರೆ.

ಮಾನ್ವಿ ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ಅಮರಮ್ಮ ಎದುರಾಗುತ್ತಾಳೆ. ಕೈಯಲ್ಲಿ ರಸೀದಿ, ಮುಖದಲ್ಲಿ ಎಷ್ಟೋ ದಿನದ ಮೇಲಿನ ನಗು.

"ಅಯ್ಯ ಆಪಾ, ನೀವ್ಯಾಕ ಬಂದ್ರಿ? ಈಗಷ್ಟೇ ಹೋತ್ರಿ!"

"ಗಲತ್ ಆಗ್ಯದ ಬೇಟಿ. ತಪ್ಪು ನನ್ನ ಕೈಲೆ ಆಗ್ಯದ."

ಹೇಳಬೇಕಾದ್ದನ್ನು ಅವರು ನಿಂತಲ್ಲೇ ಹೇಳುತ್ತಾರೆ. ಅಮರಮ್ಮನ ನಗು ಇಳಿಯುತ್ತದೆ. ಆಕೆ ರಸೀದಿಯನ್ನು ಮಡಚುತ್ತಾಳೆ, ಬಿಚ್ಚುತ್ತಾಳೆ. ಅಚ್ಚಿನ ವರದಿಗಿಂತ ಎಂಟು ವರ್ಷ ಮುಂದಿದ್ದ ವರದಿ ಈಗ ಒಂದು ವರ್ಷ ಹಿಂದೆ ಬಿದ್ದಿದೆ.

"ಆಪಾ, ಅದೊಂದೇ ಐತ್ರಿ ನನ್ನ ಅಧ್ಯಾಯದಾಗ ಹೊಸಾದು."

"ಹೊಸಾದಲ್ಲವ್ವಾ. ಸುಳ್ಳದು."

ಅಮರಮ್ಮ ಸುತ್ತ ನೋಡಿ ದನಿ ತಗ್ಗಿಸುತ್ತಾಳೆ. "ಆ ಕಾಗದ ಓದೋರು ನೀವೊಬ್ರೇ. ಯಾರಿಗೆ ತಿಳೀತದ್ರಿ?"

ಕುಬ್ರಾ ಬೇಗಂ ತಡಮಾಡದೆ ಉತ್ತರಿಸುತ್ತಾರೆ. "ಅದಕ್ಕೇ ನಂಗ ಅಂಜಿಕಿ. ಮುನ್ಶಿ ಸಾಹೇಬ್ರಿದ್ದಾಗ ನಾ ತಪ್ಪಿದ್ರ ಅವ್ರು ಹೇಳ್ತಿದ್ರು. ಈಗ ನಾ ಬರೆದದ್ದೇ ಬರೆದದ್ದು. ನಿನ್ನ ನೋಡಿ ಇನ್ನೊಬ್ರು ಬರೀತಾರ, ಅವ್ರನ್ನ ನೋಡಿ ಮತ್ತೊಬ್ರು. ಈ ಕಣ್ಣು ಮುಚ್ಚಿದ ಮ್ಯಾಲ ಅದನ್ನ ಯಾರು ತಿದ್ದತಾರ, ಹೇಳು?"

ಒಳಗಿನಿಂದ ಠಪ್ ಠಪ್ ಎಂದು ಮುದ್ರೆ ಒತ್ತುವ ಸದ್ದು ಬರುತ್ತಿದೆ. ಅಮರಮ್ಮ ತಿರುಗಿ ಮೆಟ್ಟಿಲು ಹತ್ತುತ್ತಾಳೆ.

ಕಿಟಕಿಯ ಹಿಂದಿರುವ ಜಿಲಾನಿ ಪಾಷಾ ಕಾಯಿದೆಯ ಮನುಷ್ಯ. "ಕೊಟ್ಟದ್ದನ್ನ ವಾಪಸ್ ಕೇಳಾಕ ಇದೇನು ಬಳಿ ಅಂಗಡಿಯೇನಮ್ಮ?" ಎನ್ನುತ್ತಾನೆ. ಮೂಲೆಯಲ್ಲಿ ಚೀಲದ ಬಾಯಿಗೆ ದಾರ ಸುತ್ತಿಯಾಗಿದೆ, ಅರಗು ಹಾಕುವುದೊಂದೇ ಬಾಕಿ. ಹನ್ನೊಂದಕ್ಕೆ ಅದು ಬಸ್ಸೇರಬೇಕು. ಅಮರಮ್ಮ ಅರ್ಜಿ ಬರೆಯಲು ಕೂರುತ್ತಾಳೆ. ಅವಸರದಲ್ಲಿ ಒಂದು ಹಾಳೆ ಕೆಡುತ್ತದೆ. ಎರಡನೆಯದನ್ನು ಪಾಷಾ ಮೂರು ಸಲ ಓದಿ, ರಸೀದಿ ಕಸಿದುಕೊಂಡು, ಗೊಣಗುತ್ತಲೇ ಚೀಲದ ದಾರ ಬಿಚ್ಚುತ್ತಾನೆ. "ಇನ್ನೊಮ್ಮಿ ಬಂದ್ರ ನಾ ಕೊಡಾಂಗಿಲ್ಲ. ವಿಚಾರ ಮಾಡ್ಕೊಂಡು ಬರ್ರಿ."

ಪೋಸ್ಟಾಫೀಸಿನ ಜಗಲಿಯ ಮೇಲೆ ಲಕೋಟೆ ಒಡೆಯುತ್ತದೆ. ಆರು ಕಡೆ ತಿದ್ದಬೇಕು, ಕೊನೆಯ ಒಂದೂವರೆ ಪುಟ ತೆಗೆಯಲೇಬೇಕು. ಅಮರಮ್ಮ ಅಡ್ಡಗೆರೆ ಎಳೆಯುತ್ತಾಳೆ. ಪೆನ್ನು ಎರಡು ಕಡೆ ಕಾಗದ ಹರಿಯುತ್ತದೆ. ಮತ್ತೆ ಟೈಪ್ ಮಾಡಿಸಲು ಎರಡು ದಿನ ಬೇಕು. ಒಪ್ಪಿಗೆ ಸಿಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಕುಬ್ರಾ ಬೇಗಂ ಆ ವರದಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಬಸ್ಸಿನಿಂದಲೂ ಒಳಗೇ ಕೊರೆಯುತ್ತಿದ್ದ ಮಾತೊಂದನ್ನು ಈಗ ಹೊರಹಾಕುತ್ತಾರೆ. ಅವರು ಹುಟ್ಟಿದ್ದು ದೇವದುರ್ಗದಲ್ಲಿ. ಮೂವತ್ತಾರರಲ್ಲಿ ಅವರಿಗೆ ಹತ್ತು ವರ್ಷ. ಊರಲ್ಲಿ ಹೆಣ್ಣುಮಕ್ಕಳಿಗಿದ್ದ ಸರ್ಕಾರಿ ಶಾಲೆ ಅದೊಂದೇ.

"ಇಪ್ಪತ್ತೇಳು ಅಂದ್ಕೊಂಡು ಓದಿದಾಗ ಯಾರೋ ಹುಡುಗಿಯರು ಅಂದ್ಕೊಂಡಿದ್ನೆವ್ವಾ. ಆ ಮೂವತ್ತೊಂದರಾಗ ನಾನೂ ಇದ್ದೆ."

ಅಮರಮ್ಮನ ಪೆನ್ನು ನಿಲ್ಲುತ್ತದೆ. "ಇನ್‌ಸ್ಪೆಕ್ಟರು ಬಂದ ದಿನ ನೀವು ಶಾಲಿಯಾಗಿದ್ರೇನ್ರಿ?"

"ನೆಪ್ಪಿಲ್ಲ. ನಮ್ಮವ್ವನ ಜೋಡಿ ಹತ್ತಿ ಬಿಡಿಸಾಕ ಹೋಗಿದ್ದು ನೆಪ್ಪದ. ಉಸ್ತಾನಿ ನೂರ್ ಬೀ ಮನಿತನಕ ಬಂದು ಕೈ ಹಿಡ್ಕೊಂಡು ಎಳ್ಕೊಂಡು ಹೋಗಿದ್ದೂ ನೆಪ್ಪದ. ಆ ದಿನ ಯಾವುದು ಅಂತ ಗೊತ್ತಿಲ್ಲ. ಒಂಬತ್ತರಾಗ ಇದ್ನೋ, ಇಪ್ಪತ್ತೆರಡರಾಗ ಇದ್ನೋ."

"ಇದನ್ನ ಬರೀತೀನ್ರಿ ಆಪಾ! ಇದು ಯಾವ ವರದಿಯಾಗೂ ಇಲ್ಲ."

"ಬ್ಯಾಡ. ಕಾಗದದಾಗ ಹೆಸರಿಲ್ಲ. ಇಲ್ಲದ್ದು ಬರೀಬ್ಯಾಡ." ಅವರ ದನಿ ಥಟ್ಟನೆ ಶಾಲೆಯ ದನಿಯಾಗುತ್ತದೆ. ಅಮರಮ್ಮ ತಲೆ ತಗ್ಗಿಸಿ ನಗುತ್ತಾಳೆ, ಕಣ್ಣು ಒರೆಸಿಕೊಳ್ಳುತ್ತಾಳೆ.

ಸಂಜೆ ಕಟ್ಟು ಯಂಕೋಬನ ಕೈ ಸೇರುತ್ತದೆ. ಆದರೆ ಆ ಗುರುವಾರದ ಚಿಂತೆ ಮುಗಿಯುವುದಿಲ್ಲ. ಮರುದಿನದಿಂದ ಕುಬ್ರಾ ಬೇಗಂ ಹೊಸ ಓದು ನಿಲ್ಲಿಸಿದ್ದಾರೆ. ಹದಿನೇಳು ಪ್ರಬಂಧಗಳಿಗೆ ಕೊಟ್ಟ ರಟ್ಟುಗಳ ನಕಲುಗಳು ನಾಲ್ಕು ತಗಡಿನ ಡಬ್ಬಿಗಳಲ್ಲಿವೆ, ಹತ್ತಿರ ಹತ್ತಿರ ನಾಲ್ಕು ಸಾವಿರ. ಒಂದೊಂದನ್ನೇ ತೆಗೆದು ಮೂಲದ ಪಕ್ಕ ಇಟ್ಟು ತಿಂಗಳ ಹೆಸರು ನೋಡುತ್ತಿದ್ದಾರೆ. ಮೊದಲ ಡಬ್ಬಿಯಲ್ಲಿ ತಪ್ಪು ಸಿಕ್ಕಿಲ್ಲ. ಅದರಿಂದ ಸಮಾಧಾನವೇನೂ ಆಗಿಲ್ಲ. ಕಣ್ಣಿನ ಶಿಬಿರ ಮುಂದಿನ ತಿಂಗಳಿದೆ. ಆಪರೇಷನ್ ಕೆಟ್ಟರೆ ಡಬ್ಬಿಗಳು ಹಾಗೇ ಉಳಿಯುತ್ತವೆಂದು ಹೆಸರು ಬರೆಸಿಲ್ಲ. "ಮೊದಲು ಕಣ್ಣು ಮಾಡಿಸ್ಕೋರಿ, ರಟ್ಟು ಎಲ್ಲಿಗೂ ಓಡಿಹೋಗಂಗಿಲ್ಲ" ಎಂದು ಯಂಕೋಬ ದಿನಾ ರೇಗುತ್ತಾನೆ. ರೇಗುತ್ತಲೇ ಬಾಗಿಲನ್ನು ಆರೂಕಾಲಿಗೆ ತೆಗೆಯುತ್ತಾನೆ.

ಅದೇ ವಾರದ ಶನಿವಾರ ತಿದ್ದಿದ ಅಧ್ಯಾಯ ಅಂಚೆಗೆ ಹೋಯಿತು. ಅದಕ್ಕೂ ಮುಂಚೆ ಅಮರಮ್ಮ ರಾಯಚೂರಿಗೆ ಬಂದು ಪುಟಗಳನ್ನು ಮೇಜಿನ ಮೇಲಿಟ್ಟಿದ್ದಳು. ಪ್ರಬಂಧ ಮುಗಿದ ದಿನ ಮೊದಲ ಪುಟದಲ್ಲೇ, ಕೃತಜ್ಞತೆಯ ಸಾಲಿನಲ್ಲಿ, ನಿಮ್ಮ ಹೆಸರು ಎಲ್ಲರಿಗಿಂತ ಮೇಲೆ ಹಾಕುತ್ತೇನೆ ಎಂದಿದ್ದಳು.

ಕುಬ್ರಾ ಬೇಗಂ ಪುಟಗಳನ್ನು ಬಿಸಿಲಿಗೆ ಹಿಡಿದು, ದೇವದುರ್ಗದ ವರದಿ ಬರುವ ಸಾಲನ್ನು ಹುಡುಕಿ, ಅದರ ಕೆಳಗಿನ ಖಾಲಿ ಜಾಗಕ್ಕೆ ಬೆರಳಿಟ್ಟರು.

"ಅಲ್ಲಿ ಬ್ಯಾಡವ್ವಾ, ಇಲ್ಲಿ ಹಾಕು. ಉರ್ದು ಓದಿ ಹೇಳಿದಾಕಿ ಕುಬ್ರಾ ಬೇಗಂ, ರಾಯಚೂರು ಅಂತ ಸಣ್ಣ ಅಕ್ಷರದಾಗ. ಮುಂದ ಯಾರಿಗರ ಇದು ತಪ್ಪು ಅನ್ನಿಸಿದ್ರ, ಯಾರನ್ನ ಕೇಳ್ಬೇಕು ಅಂತ ಗೊತ್ತಾಗ್ಲಿ."